ಮೂರು ಊರಿನ ಬೇಸಿಗೆ

ಅರಸೀಕೆರೆ ದಾಟಿದ ಮೇಲೆ ರೈಲಿನ ಕಿಟಕಿಯಲ್ಲಿ ಕಾಣುವುದು ತೆಂಗಿನ ತೋಟ. ಅದು ಮುಗಿದರೆ ಬಯಲು. ಏಪ್ರಿಲ್ ಬಿಸಿಲಿಗೆ ಗರಿ ಜೋತು ನಿಂತ ಮರಗಳನ್ನು ನೋಡುತ್ತಾ ಕೂತಿದ್ದ ನನ್ನ ತಂಗಿಯ ಮಗ, ಪಡುವಣದ ಅಂಚಿನಲ್ಲಿ ನೀಲಿಯಾಗಿ ಕಂಡ ಬೆಟ್ಟದ ಸಾಲನ್ನು ತೋರಿಸಿ, “ಮಾವ, ಅಷ್ಟು ದೊಡ್ಡ ಬೆಟ್ಟ ಪಕ್ಕದಲ್ಲೇ ಇದೆ. ಇಲ್ಲಿ ಯಾಕೆ ಹೀಗೆ ಒಣಗಿದೆ?” ಎಂದು ಕೇಳಿದ.

ಅವನ ಪ್ರಶ್ನೆಗೆ ಉತ್ತರವೂ ಆ ಬೆಟ್ಟವೇ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರಿನ ಮೋಡಗಳು ಬಾಬಾಬುಡನ್‌ಗಿರಿಯ ಸಾಲಿಗೆ ತಗುಲಿ, ಆಚೆ ಬದಿಯಲ್ಲೇ ಮಳೆ ಸುರಿಸಿ ಹಗುರಾಗುತ್ತವೆ. ಇದೇ ಗುಂಪಿನ ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ. ನಮ್ಮ ರಾಜ್ಯಕ್ಕೇ ಎತ್ತರದ ಶಿಖರ. ಅಂಥ ಗೋಡೆಯನ್ನು ಹತ್ತಿ ಇಳಿಯುವ ಮೋಡದಲ್ಲಿ ಉಳಿಯುವುದೆಷ್ಟು? ಒಂದೇ ಜಿಲ್ಲೆಯ ಮಲೆನಾಡಿನಲ್ಲಿ ವರ್ಷಕ್ಕೆ 2,000 ಮಿಲಿಮೀಟರ್ ಮೀರಿ ಮಳೆ ಹೊಯ್ದರೆ, ಕಡೂರಿನ ಬಯಲಿಗೆ ಸಿಗುವುದು ಸುಮಾರು 600.

ಹುಡುಗ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದ್ದ. ಫಲಿತಾಂಶ ಬರುವವರೆಗೆ ಮೊಬೈಲ್ ಹಿಡಿದು ಮೂಲೆ ಸೇರುತ್ತಾನೆಂದು ಹೆದರಿದ ತಂಗಿ, “ಊರ ಕಡೆ ಹೋಗುವಾಗ ಇವನನ್ನೂ ಕರಕೊಂಡು ಹೋಗಣ್ಣ” ಎಂದಿದ್ದಳು. ಕಡೂರಿನಲ್ಲಿ ನಮ್ಮ ದೊಡ್ಡಮ್ಮ, ತರೀಕೆರೆಯಲ್ಲಿ ನನಗೆ ಲೆಕ್ಕ ಕಲಿಸಿದ ಮೇಷ್ಟ್ರು, ಅಜ್ಜಂಪುರದಲ್ಲಿ ಈರುಳ್ಳಿ ಬೆಳೆಯುವ ಭಾವ. ಮೂರು ಮನೆ, ಮೂರು ಊರು, ಆರು ದಿನ.

ಈ ಮೂರು ಊರುಗಳನ್ನು ಕೂಡಿಸುವ ಗಂಟು ಬೀರೂರು. ಕಡೂರಿನ ಮಗ್ಗುಲಲ್ಲೇ ಇರುವ ಈ ಜಂಕ್ಷನ್ನಿನಲ್ಲಿ ಹಳಿ ಕವಲಾಗುತ್ತದೆ. ಒಂದು ಅಜ್ಜಂಪುರದ ಬಯಲಿನ ಮೇಲೆ ಹಾದು ಹುಬ್ಬಳ್ಳಿಯತ್ತ, ಇನ್ನೊಂದು ತರೀಕೆರೆಯ ಅಡಿಕೆ ತೋಟಗಳ ನಡುವೆ ಶಿವಮೊಗ್ಗದತ್ತ. ಹಳಿ ಕವಲಾದರೂ ನೀರಿನ ದಾರಿ ಮಾತ್ರ ಒಂದೇ ಎಂಬುದು ನನಗೂ ತಿಳಿದದ್ದು ಈ ಪ್ರವಾಸದಲ್ಲಿ.

ನಸುಕಿನ ನೀರು

ಕಡೂರು ಹಳೆಯ ಊರು. 1947ರವರೆಗೆ ಇಡೀ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ. ಕಡವೆಗಳಿದ್ದ ಊರಾದ್ದರಿಂದ ಈ ಹೆಸರು ಬಂತೆಂದು ಹೇಳುವವರಿದ್ದಾರೆ. ‘ಜೈಮಿನಿ ಭಾರತ’ ಬರೆದ ಲಕ್ಷ್ಮೀಶನ ದೇವನೂರು ಇರುವುದು ಈ ತಾಲ್ಲೂಕಿನಲ್ಲೇ. ಆದರೆ ಬೇಸಿಗೆಯಲ್ಲಿ ಈ ಊರಿನ ಯಾವ ಮನೆಗೆ ಹೋದರೂ ಮೊದಲ ಮಾತು ಕಡವೆಯದೂ ಅಲ್ಲ, ಕವಿಯದೂ ಅಲ್ಲ. “ನಿಮ್ಮ ಬೀದಿಗೆ ನೀರು ಬಿಟ್ಟರಾ?”

“ಏಳ್ರೋ, ನೀರು ಬಂತು!”

ದೊಡ್ಡಮ್ಮನ ಕೂಗಿಗೆ ನಸುಕಿನಲ್ಲಿ ಎದ್ದೆವು. ಹಿತ್ತಲಲ್ಲಿ ಕೊಡ, ಬಕೇಟು, ನೀಲಿ ಡ್ರಮ್ಮು, ಅಜ್ಜನ ಕಾಲದ ತಾಮ್ರದ ಹಂಡೆ ಎಲ್ಲವೂ ಸಾಲಾಗಿ ನಿಂತಿದ್ದವು. ನಲ್ಲಿಯ ಕೊಳವೆಗೆ ಜೋಡಿಸಿದ್ದ ಅರ್ಧ ಎಚ್.ಪಿ. ಮೋಟಾರಿನ ಗುಂಡಿ ಒತ್ತಿದ್ದೇ ತಡ, ನೀರು ಭೋರೆಂದು ನುಗ್ಗಿತು. ಮುಕ್ಕಾಲು ಗಂಟೆಯಲ್ಲಿ ಪಾತ್ರೆಗಳು ತುಂಬಿ, ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕೂ ತುಂಬಿ ಸೂರಿನಿಂದ ಸುರಿಯತೊಡಗಿತು. “ಇನ್ನು ಮೂರು ದಿನ ನೆಮ್ಮದಿ” ಎಂದು ದೊಡ್ಡಮ್ಮ ಒಳಗೆ ಹೋದರು.

ಹುಡುಗ ಹಲ್ಲುಜ್ಜುತ್ತಾ ಬೀದಿಯ ಕೊನೆಯವರೆಗೆ ಹೋಗಿದ್ದವನು ಸಪ್ಪಗೆ ಮುಖ ಮಾಡಿಕೊಂಡು ಬಂದ. ಕೊನೆಯ ಮನೆಯಲ್ಲಿ ಅವನ ವಯಸ್ಸಿನದೇ ಹುಡುಗಿ. ಅವಳೂ ಈ ಸಲ ಎಸ್ಸೆಸ್ಸೆಲ್ಸಿ ಬರೆದವಳು. ನಲ್ಲಿಯ ಮುಂದೆ ಮೂರು ಕೊಡ ಇಟ್ಟುಕೊಂಡು ಕೂತಿದ್ದಾಳೆ. ನಲ್ಲಿಯಿಂದ ಬರುತ್ತಿರುವುದು ಬರೀ ಗಾಳಿಯ ಸದ್ದು. “ಮೇಲಿನ ಮನೆಯವರ ಮೋಟಾರು ನಿಂತ ಮೇಲೆ ನಮಗೆ ಸಣ್ಣಗೆ ಬರುತ್ತೆ. ಒಂದೊಂದು ಸಲ ಅಷ್ಟರಲ್ಲಿ ನೀರೇ ನಿಲ್ಲಿಸಿರ್ತಾರೆ” ಎಂದಳಂತೆ. ಪರೀಕ್ಷೆಯ ದಿನಗಳಲ್ಲೂ ಹೀಗೇ ಕೂತು ಓದಿದಳಂತೆ.

“ಮಾವ, ಮೇಲಿನ ಮನೆ ಅಂದರೆ ನಮ್ಮದೇನಾ?”

ನಾನು ಉತ್ತರ ಕೊಡಲಿಲ್ಲ. ಆ ಮೋಟಾರನ್ನು ಇಪ್ಪತ್ತು ವರ್ಷದ ಹಿಂದೆ ತಂದು ಕೂಡಿಸಿದವನು ನಾನೇ. ವಯಸ್ಸಾದ ದೊಡ್ಡಮ್ಮ ಕೊಡ ಹೊರುವುದು ತಪ್ಪಲಿ ಎಂದು ನನ್ನ ಮೊದಮೊದಲ ಸಂಬಳದಲ್ಲಿ ಕೊಂಡದ್ದು. ಊರಿಗೆ ಹೋದಾಗಲೆಲ್ಲ ಅದನ್ನು ನೋಡಿ ಹೆಮ್ಮೆಪಟ್ಟವನೂ ನಾನೇ.

ಅಯ್ಯನಕೆರೆಯ ನೀರುಗಂಟಿ

ಮಾರನೆಯ ದಿನ ಬಸ್ಸು ಹಿಡಿದು ಸಖರಾಯಪಟ್ಟಣಕ್ಕೆ ಹೋಗಿ, ಅಲ್ಲಿಂದ ಅಯ್ಯನಕೆರೆಗೆ ಹೋದೆವು. ಶಕುನಗಿರಿಯ ಬುಡದಲ್ಲಿ ಹರಡಿಕೊಂಡ ಈ ಕೆರೆಯ ಏರಿಯ ಮೇಲೆ ನಿಂತರೆ, ಕಡೂರಿನ ಬಯಲನ್ನು ದಾಟಿ ಬಂದ ಕಣ್ಣಿಗೆ ನಂಬಿಕೆಯೇ ಬರುವುದಿಲ್ಲ. ಗಿರಿಯ ಮಳೆ ಹಳ್ಳಗಳಾಗಿ ಇಳಿದು ಇಲ್ಲಿ ನಿಲ್ಲುತ್ತದೆ. ಇದು ವೇದಾ ನದಿಯ ಕೆರೆ. ಅತ್ತ ಎಮ್ಮೆದೊಡ್ಡಿ ಕಡೆಯ ಮದಗದ ಕೆರೆ ಆವತಿಯದು. ಎರಡೂ ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ನಮ್ಮ ಹಿರಿಯರು ಮಳೆ ಬೀಳದ ಬಯಲಿಗೆ ಮಳೆ ಬೀಳುವ ಗಿರಿಯ ನೀರನ್ನು ಹೀಗೆ ಹಿಡಿದಿಟ್ಟು ಹಂಚಿಕೊಂಡರು.

ಹಂಚುವ ಕೆಲಸಕ್ಕೆ ಊರೂರಲ್ಲೂ ಒಬ್ಬ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವವನು, ಇಳಿಸುವವನು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ಸರದಿ ನೋಡುವವನು ಅವನೇ. ಬೇಸಿಗೆಯಲ್ಲಿ ಹೂಳೆತ್ತಲು, ಕಾಲುವೆ ಕೆರೆಯಲು ಊರವರು ಆಳಿಗೊಬ್ಬರಂತೆ ಬರಬೇಕಿತ್ತು. ನೀರು ಪಡೆಯುವವನಿಗೆ ಕೆಲಸದ ಪಾಲೂ ಇತ್ತು.

ಈ ಕೆರೆಯ ಕಾವಲಿಗಿದ್ದ ಹೊನ್ನಬಿಲ್ಲನ ಕಥೆಯನ್ನು ಇಲ್ಲಿ ಹೇಳುತ್ತಾರೆ. ಒಂದು ದಿನ ಕೆರೆಯ ದೇವತೆ ಅವನಿಗೆ ಕಾಣಿಸಿಕೊಂಡು, “ಏರಿ ಒಡೆದು ಹೊರಟೆ” ಎಂದಳು. “ಅರಸನಿಗೆ ತಿಳಿಸಿ ಬರುತ್ತೇನೆ, ನಾನು ಬರುವವರೆಗೆ ಒಡೆಯಬೇಡ ತಾಯಿ” ಎಂದು ಮಾತು ತೆಗೆದುಕೊಂಡು ಅವನು ಓಡಿದ. ಸುದ್ದಿ ಕೇಳಿದ ಅರಸ ಯೋಚಿಸಿದ: ಇವನು ಮರಳಿ ಹೋಗದಿದ್ದರೆ ಏರಿ ಎಂದೂ ಒಡೆಯುವುದಿಲ್ಲ. ಹಾಗೆ ಹೊನ್ನಬಿಲ್ಲನ ತಲೆ ಹೋಯಿತು, ಕೆರೆ ಉಳಿಯಿತು.

ಕಥೆ ಕೇಳಿದ ಹುಡುಗ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, “ಇದು ಅನ್ಯಾಯ ಅಲ್ವಾ ಮಾವ? ಕೆರೆ ಎಲ್ಲರದೂ, ಸತ್ತವನು ಒಬ್ಬನೇ” ಎಂದ.

ಐತಿಹ್ಯ ನಿಜವೋ ಅಲ್ಲವೋ, ಅವನ ಮಾತಂತೂ ನಿಜ. ನಮ್ಮ ಬೀದಿಗಳಲ್ಲಿ ವಾಲ್ವು ತಿರುಗಿಸುವವನು ಇಂದಿನ ನೀರುಗಂಟಿ. ಕೊನೆಯ ಮನೆಗೆ ನೀರು ಬಾರದಿದ್ದರೆ ಬೈಗುಳ ಅವನ ಪಾಲಿಗೆ. ನಡುವಿನ ಮನೆಗಳ ಮೋಟಾರುಗಳನ್ನು ಯಾರೂ ಬೈಯುವುದಿಲ್ಲ.

ಲಕ್ಕವಳ್ಳಿಯ ಲೆಕ್ಕ

ಬೀರೂರಿನಿಂದ ಶಿವಮೊಗ್ಗದ ಹಳಿ ಹಿಡಿದರೆ ಭೂಮಿಯ ಬಣ್ಣವೇ ಬದಲಾಗುತ್ತದೆ. ತರೀಕೆರೆ ಮಲೆನಾಡಿನ ಹೊಸ್ತಿಲು. ಕೆಮ್ಮಣ್ಣುಗುಂಡಿ, ಕಲ್ಲತ್ತಿಗಿರಿಗೆ ಹೋಗುವವರು ಇಲ್ಲಿ ಇಳಿಯುತ್ತಾರೆ. ಹತ್ತಿರದ ಅಮೃತಾಪುರದಲ್ಲಿ 1196ರಲ್ಲಿ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ ಹೊಯ್ಸಳ ದೇಗುಲವಿದೆ. ರಜೆಯಲ್ಲಿ ಮಕ್ಕಳನ್ನು ಕರೆದೊಯ್ದರೆ, ಹೊರಗೋಡೆಯಲ್ಲಿ ರಾಮಾಯಣ, ಭಾಗವತಗಳ ಕಥೆಯನ್ನು ಒಂದೊಂದಾಗಿ ಗುರುತಿಸುವುದೇ ಒಂದು ಆಟ.

ನಮ್ಮ ಮೇಷ್ಟ್ರಿಗೆ ಈಗ ಎಂಬತ್ತರ ಹತ್ತಿರ. ನಾವು ಹೋದಾಗ ತೋಟದಲ್ಲಿ ಬಿದ್ದ ಅಡಿಕೆ ಹಾಳೆಗಳನ್ನು ಒಂದೊಂದಾಗಿ ಬೋರಲು ಹಾಕುತ್ತಿದ್ದರು. “ಒಂದು ಮಳೆ ಬಂದರೆ ಸಾಕಪ್ಪ, ಒಂದೊಂದು ಹಾಳೆಯೂ ಒಂದೊಂದು ಸೊಳ್ಳೆಯ ಕೆರೆ” ಎಂದರು. 2024ರಲ್ಲಿ ಡೆಂಗಿ ಎಷ್ಟು ಹಬ್ಬಿತೆಂದರೆ ಸರಕಾರ ಅದನ್ನು ಸಾಂಕ್ರಾಮಿಕವೆಂದು ಘೋಷಿಸಬೇಕಾಯಿತು. ಈ ರೋಗ ಹರಡುವ ಈಡಿಸ್ ಸೊಳ್ಳೆ ಚರಂಡಿಗಿಂತ ನಾವು ತುಂಬಿಟ್ಟ ತಿಳಿನೀರನ್ನೇ ಇಷ್ಟಪಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಬೇಕಾದದ್ದು ಏಳರಿಂದ ಹತ್ತು ದಿನ. ಆದ್ದರಿಂದ ವಾರಕ್ಕೊಮ್ಮೆ ಡ್ರಮ್ಮು, ತೊಟ್ಟಿಗಳನ್ನು ಬರಿದು ಮಾಡಬೇಕು. ಮೊಟ್ಟೆಗಳು ಪಾತ್ರೆಯ ಒಳಗೋಡೆಗೆ ಅಂಟಿಕೊಂಡಿರುತ್ತವೆ. ನೀರು ಚೆಲ್ಲಿದರೆ ಸಾಲದು, ತಿಕ್ಕಿ ತೊಳೆದು ಒಣಗಿಸಿ, ಮತ್ತೆ ತುಂಬಿದ ಮೇಲೆ ಬಾಯಿಗೆ ಬಟ್ಟೆ ಕಟ್ಟಬೇಕು. ನೀರು ಅಪರೂಪವಾದಷ್ಟೂ ನಾವು ಹೆಚ್ಚು ತುಂಬಿಡುತ್ತೇವೆ. ಬೇಸಿಗೆಯ ಕೊನೆಗೆ ಈ ಕೆಲಸ ಮುಖ್ಯವಾಗುವುದು ಅದಕ್ಕೇ.

ಮೇಷ್ಟ್ರ ಜೊತೆಯಲ್ಲೇ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಲಕ್ಕವಳ್ಳಿಗೆ ಹೋದೆವು. 1960ರ ದಶಕದಲ್ಲಿ ಪೂರ್ಣಗೊಂಡ ಭದ್ರಾ ಜಲಾಶಯದಲ್ಲಿ ತುಂಬಿದಾಗ ನಿಲ್ಲುವ ನೀರು 71.5 ಟಿಎಂಸಿ. ತರೀಕೆರೆಯ ನಲ್ಲಿಗಳಿಗೂ, ಬಯಲಾಚೆಯ ಬೀರೂರು, ಕಡೂರಿನ ನಲ್ಲಿಗಳಿಗೂ ನೀರು ಕೊಡುವವಳು ಈ ಭದ್ರೆಯೇ. ದೊಡ್ಡಮ್ಮನ ಹಂಡೆ ತುಂಬಿದ್ದು ಈ ನೀರಿನಿಂದ ಎಂದು ಹೇಳಿದಾಗ ಹುಡುಗ ಕಣ್ಣರಳಿಸಿದ.

ಮೇಷ್ಟ್ರು ಬಿಡುವವರೇ? ಅಲ್ಲೇ ಲೆಕ್ಕ ಕೊಟ್ಟರು. “ಒಂದು ಟಿಎಂಸಿ ಅಂದರೆ ಸುಮಾರು 2,830 ಕೋಟಿ ಲೀಟರ್. ಪಟ್ಟಣದವರಿಗೆ ತಲಾ ದಿನಕ್ಕೆ 135 ಲೀಟರ್ ಎಂಬ ಅಳತೆ ಇದೆ. 35 ಸಾವಿರ ಜನರ ಊರಿಗೆ ವರ್ಷಕ್ಕೆಷ್ಟು, ಹೇಳು ನೋಡೋಣ.” ಹುಡುಗ ಮೊಬೈಲಿನಲ್ಲೇ ಗುಣಿಸಿದ: ದಿನಕ್ಕೆ 47 ಲಕ್ಷ ಲೀಟರ್ ಚಿಲ್ಲರೆ, ವರ್ಷಕ್ಕೆ ಸುಮಾರು 172 ಕೋಟಿ. ಅಂದರೆ ಒಂದು ಟಿಎಂಸಿಯ ಹದಿನಾರನೇ ಒಂದು ಪಾಲು!

“ಹಾಗಾದರೆ ನೀರಿಗೆ ಬರವೇ ಇಲ್ಲವಲ್ಲ ಸಾರ್?”

“ಹೊಳೆಯಲ್ಲಿ ಇದ್ದರೆ ಆಯಿತೇನಪ್ಪ? ಎತ್ತಬೇಕು, ಸೋಸಬೇಕು, ಕ್ಲೋರಿನ್ ಹಾಕಬೇಕು, ಕರೆಂಟು ಸುಟ್ಟು ಅಷ್ಟು ದೂರ ನೂಕಬೇಕು. ದಾರಿಯಲ್ಲಿ ಸೋರದ ಹಾಗೆ ಕಾಯಬೇಕು. ನಿಮ್ಮಜ್ಜಿ ಮನೆ ಟ್ಯಾಂಕು ತುಂಬಿ ಸೂರಿನಿಂದ ಸುರಿಯಿತು ಅಂದೆಯಲ್ಲ, ಅದು ಹೊಳೆಯ ನೀರಲ್ಲ, ಅಷ್ಟೆಲ್ಲ ಆದ ಮೇಲಿನ ನೀರು.”

ಸಂಜೆ ಮನೆಯಲ್ಲಿ ಮೇಷ್ಟ್ರು ತಮ್ಮ ಮನೆ ಕಂದಾಯದ ರಸೀತಿ ತಂದು ತೋರಿಸಿದರು. ಏಪ್ರಿಲ್ ತಿಂಗಳಲ್ಲೇ ಕಟ್ಟಿದವರಿಗೆ ತೆರಿಗೆಯಲ್ಲಿ ಶೇ 5 ರಿಯಾಯಿತಿ ಇರುತ್ತದೆ. ರಸೀತಿಯಲ್ಲಿ ಆರೋಗ್ಯ, ಗ್ರಂಥಾಲಯ ಮುಂತಾದ ಕರಗಳ ಸಾಲುಗಳೂ ಇರುತ್ತವೆ. ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುವ ನಾವು ರಜೆಯಲ್ಲಿ ಮಕ್ಕಳಿಗೆ ಊರಿನ ಗ್ರಂಥಾಲಯದ ಬಾಗಿಲು ತೋರಿಸಿದ್ದೇವೆಯೇ ಎಂಬುದು ಮೇಷ್ಟ್ರ ಪ್ರಶ್ನೆ. ಕಟ್ಟದೆ ಉಳಿಸಿಕೊಂಡ ಮನೆಗಂದಾಯ, ನೀರಿನ ಕಂದಾಯಗಳೇ ಮುಂದೆ ರಿಪೇರಿಯಾಗದ ಪೈಪು, ಬದಲಾಗದ ಪಂಪು ಆಗುತ್ತವೆ ಎಂದೂ ಹೇಳಿದರು.

ಕಸದ ಮಾತೂ ಬಂತು. ಹಸಿ, ಒಣ ಕಸವನ್ನು ಬೇರೆ ಮಾಡುವ ಹೊಣೆಯನ್ನು 2016ರ ಘನತ್ಯಾಜ್ಯ ನಿಯಮಗಳು ಮನೆಯವರ ಮೇಲೆಯೇ ಹಾಕಿದವು. ಬೇಸಿಗೆಯಲ್ಲಿ ಮಾವಿನ ಓಟೆ, ಕಲ್ಲಂಗಡಿ ಸಿಪ್ಪೆ, ಮದುವೆ ಮನೆಯ ಎಂಜಲೆಲೆ ಒಟ್ಟಿಗೆ ಬಿದ್ದು ಒಂದೇ ದಿನಕ್ಕೆ ನಾರುತ್ತವೆ. ಅದರೊಳಗೆ ಬ್ಲೇಡು, ಔಷಧದ ಸೀಸೆ ಬೆರೆಸಿ ಕೊಟ್ಟರೆ ಕೈ ಕುಯ್ದುಕೊಳ್ಳುವವರು ಗಾಡಿಯ ಜೊತೆ ಬರುವ ಪೌರಕಾರ್ಮಿಕರು.

ಕಾವಲಿನ ಊರು

ತರೀಕೆರೆಯಿಂದ ಬಸ್ಸಿನಲ್ಲಿ ಅಜ್ಜಂಪುರಕ್ಕೆ ಬಂದರೆ ಮತ್ತೆ ಬಯಲು, ಮತ್ತೆ ಬಿಸಿಲು. ಇದು ಅಮೃತಮಹಲ್ ರಾಸುಗಳ ಊರು. ಮೈಸೂರು ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯ ದನಗಳಿಗೆ ಅಮೃತಮಹಲ್ ಎಂಬ ಹೆಸರಿಟ್ಟವನು ಟಿಪ್ಪು ಸುಲ್ತಾನ. ಸೇನೆಯ ಭಾರ ಎಳೆದ ಈ ತಳಿಯನ್ನು ಉಳಿಸಲು 1929ರಲ್ಲಿ ಆರಂಭವಾದ ಸಂವರ್ಧನ ಕೇಂದ್ರ ಇಲ್ಲಿದೆ. ಇವುಗಳ ಮೇವಿಗೆಂದು ಬಿಟ್ಟ ಹುಲ್ಲುಗಾವಲುಗಳೇ ಅಮೃತಮಹಲ್ ಕಾವಲುಗಳು. ಬೇಸಿಗೆಯಲ್ಲಿ ಆ ಹುಲ್ಲು ಕಡ್ಡಿಯಷ್ಟು ಒಣಗಿರುತ್ತದೆ. ಸೇದಿ ಎಸೆದ ಒಂದು ಬೀಡಿ ಸಾಕು, ಹುಲ್ಲು, ಹಕ್ಕಿಯ ಗೂಡು, ದನದ ಮೇವು ಎಲ್ಲ ಬೂದಿ. ಅತ್ತ ಭದ್ರಾ ಅಭಯಾರಣ್ಯದ ಅಂಚಿನಲ್ಲೂ ಇದೇ ಭಯ.

ಭಾವನ ಮನೆಯಲ್ಲಿ ನೀರಿನ ಮಾತು ಬೇರೆಯೇ. ಮಲಗುವ ಮುನ್ನ ಅವರು ಬೆರಳಿನಲ್ಲಿ ನೆಲ ತೋರಿಸಿ, “ಈ ಸೀಮೆಯಲ್ಲಿ ಭೂಮಿಯ ಒಳಗೇ ಹೊಳೆ ಹರಿಯುತ್ತೆ, ಗೊತ್ತೇನಯ್ಯ?” ಎಂದರು. ಭದ್ರಾ ಮೇಲ್ದಂಡೆ ಯೋಜನೆಯ ಸುಮಾರು ಏಳು ಕಿಲೋಮೀಟರ್ ಉದ್ದದ ಸುರಂಗ ಇರುವುದು ಅಜ್ಜಂಪುರದ ಬಳಿ. ತರೀಕೆರೆ ತಾಲ್ಲೂಕಿನ ಶಾಂತಿಪುರ, ಬೆಟ್ಟದಾವರೆಕೆರೆಗಳಲ್ಲಿ ಎತ್ತಿದ ಭದ್ರೆಯ ನೀರು ಈ ಸುರಂಗ ದಾಟಿ ವೇದಾವತಿಯ ಸೀಮೆಗೆ ಇಳಿಯುತ್ತದೆ. 2019ರಲ್ಲಿ ಹಾಗೆ ಹರಿದ ನೀರು ಹಿರಿಯೂರಿನ ವಾಣಿವಿಲಾಸ ಸಾಗರ ಸೇರಿತು. ಅದೇ ಸಾಗರ 2022ರ ಸೆಪ್ಟೆಂಬರಿನಲ್ಲಿ, ಆ ವರ್ಷದ ಭಾರಿ ಮಳೆಯೂ ಕೂಡಿ, 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಿತು. ಕಡೂರಿನ ಸೀಮೆಯಲ್ಲಿ ಹುಟ್ಟಿದ ವೇದಾವತಿಗೆ ಭದ್ರೆ ಕೈಕೊಟ್ಟಂತೆ.

ಒಬ್ಬರ ನೀರು ಇನ್ನೊಬ್ಬರಿಗೆ ಹೋಗುವಾಗ ಮಾತು ಬಾರದೆ ಇರುವುದಿಲ್ಲ. ತರೀಕೆರೆ, ಕಡೂರು, ಹೊಸದುರ್ಗ ಕಡೆಯ ಹಳ್ಳಿಗಳಿಗೆ ಕುಡಿಯುವ ನೀರು ಒಯ್ಯಲೆಂದು ಭದ್ರಾ ಬಲದಂಡೆ ನಾಲೆಯನ್ನು ಸೀಳಿದ್ದಕ್ಕೆ 2025ರ ಜೂನ್‌ನಲ್ಲಿ ದಾವಣಗೆರೆ ಸೀಮೆಯ ರೈತರು ಬೀದಿಗಿಳಿದರು. ನಾಲೆಯ ಕೊನೆಯ ಗದ್ದೆಗೆ ನೀರು ಬಾರದು ಎಂಬುದು ಅವರ ಭಯ. ಕುಡಿಯಲು ಕೊಳವೆಬಾವಿಯ ತಳದ ನೀರೇ ಗತಿಯಾದ ಹಳ್ಳಿಗಳದೂ ಸುಳ್ಳು ಅಳಲಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದದ್ದು ಮರೆಯುವಂಥದ್ದಲ್ಲ.

“ನಾಲೆಯ ಕೊನೆಯ ಗದ್ದೆ, ನಮ್ಮ ಬೀದಿಯ ಕೊನೆಯ ಮನೆ, ಎರಡೂ ಒಂದೇ ಅಲ್ವಾ ಮಾವ?” ಎಂದ ಹುಡುಗ. ಭಾವ ನನ್ನ ಮುಖ ನೋಡಿದರು. ಮೋಟಾರಿನ ಕಥೆ ಅವರಿಗೆ ಹೇಳಲೇಬೇಕಾಯಿತು.

ರಾತ್ರಿ ಭರಣಿಯ ಗಾಳಿಮಳೆ ಬಂತು. ಕಂಬದ ತಂತಿಯ ಮೇಲೆ ತೆಂಗಿನ ಗರಿ ಬಿದ್ದು ದೀಪ ಹೋಯಿತು. ಪಕ್ಕದ ಮನೆಯ ಯುವಕ ಬಿದಿರು ಕೋಲು ಹಿಡಿದು ಹೊರಟಿದ್ದ. ಭಾವ ಗದರಿಸಿ ನಿಲ್ಲಿಸಿ, ಮೆಸ್ಕಾಂನ 1912ಕ್ಕೆ ಫೋನು ಮಾಡಿದರು. ಒದ್ದೆ ಕೋಲಿನಲ್ಲೂ ವಿದ್ಯುತ್ ಹರಿಯುತ್ತದೆ. ಬೇಸಿಗೆ ಮಳೆಯಲ್ಲಿ ಬಿದ್ದ ತಂತಿಯನ್ನು ಮುಟ್ಟದೆ, ಯಾರೂ ಹತ್ತಿರ ಹೋಗದಂತೆ ಕಾಯುವುದಷ್ಟೇ ನಮ್ಮ ಕೆಲಸ.

ಬೆಳಿಗ್ಗೆ ಭಾವ ಮಗಳ ಜಾತಿ, ಆದಾಯ ಪ್ರಮಾಣಪತ್ರದ ಅರ್ಜಿ ಹಿಡಿದು ಹೊರಟರು. 2018ರಲ್ಲಿ ಅಜ್ಜಂಪುರ ತಾಲ್ಲೂಕಾಗುವವರೆಗೆ ತಾಲ್ಲೂಕು ಕಚೇರಿಯ ಕೆಲಸಕ್ಕೆ ತರೀಕೆರೆಗೇ ಹೋಗಬೇಕಿತ್ತು. “ಜೂನ್ ತಿಂಗಳಲ್ಲಿ ಎಲ್ಲರೂ ಒಂದೇ ದಿನ ಬಂದು ನಿಂತರೆ ನಾಡಕಚೇರಿಯವರಾದರೂ ಏನು ಮಾಡ್ತಾರೆ? ಏಪ್ರಿಲ್‌ನಲ್ಲೇ ಕೊಟ್ಟರೆ ಅವರಿಗೂ ಹಗುರ, ನಮಗೂ ಹಗುರ” ಎಂದರು. ಕಾಲೇಜು ಸೇರುವ ಮಕ್ಕಳಿರುವ ತಂದೆತಾಯಿಯರು ನೆನಪಿಡಬೇಕಾದ ಮಾತು.

ಮತ್ತೆ ಕಡೂರು

ಮರಳಿ ಕಡೂರಿಗೆ ಬಂದಾಗ ಹುಡುಗ ಒಂದು ಪ್ರಯೋಗ ಮಾಡಿದ. ಹಿತ್ತಲಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಅದರ ಕೆಳಗೆ 200 ಮಿಲಿಲೀಟರಿನ ಲೋಟ ಇಟ್ಟ. ತುಂಬಲು ಹಿಡಿದದ್ದು ಹತ್ತು ನಿಮಿಷ. ಗಂಟೆಗೆ 1.2 ಲೀಟರ್, ಟ್ಯಾಂಕಿನಲ್ಲಿ ನೀರಿರುವ ಇಡೀ ದಿನಕ್ಕೆ ಸುಮಾರು 29 ಲೀಟರ್. ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಕೊಡಬೇಕೆಂಬುದು ಜಲಜೀವನ್ ಮಿಷನ್ನಿನ ಅಳತೆ. “ಅಜ್ಜೀ, ನಿಮ್ಮ ನಲ್ಲಿ ದಿನಾ ಅರ್ಧ ಮನುಷ್ಯನ ನೀರು ಕುಡೀತಿದೆ” ಎಂದ. ವಾಷರ್ ಬದಲಿಸಲು ಐದು ನಿಮಿಷ ಸಾಕಾಯಿತು.

ಮೋಟಾರಿನ ವಿಷಯ ಹೇಳಲು ನನಗೇ ಬಾಯಿ ಬರಲಿಲ್ಲ. ಕೊನೆಗೆ ಪ್ಲಂಬರನ್ನು ಕರೆಸಿ ಕೇಳಿದೆ. ಅವನು ತಿಳಿಸಿ ಹೇಳಿದ: ಬೀದಿಯ ಕೊಳವೆಗೇ ಮೋಟಾರು ಹಾಕಿ ಎಳೆದರೆ ಮುಂದಿನವರಿಗೆ ಒತ್ತಡ ಇಳಿಯುತ್ತದೆ. ಅಷ್ಟೇ ಅಲ್ಲ, ಎಲ್ಲಾದರೂ ಬಿರುಕಿದ್ದರೆ ಹೊರಗಿನ ಚರಂಡಿ ನೀರನ್ನೂ ಅದು ಒಳಗೆ ಎಳೆಯಬಹುದು. ಹಾಗೆ ಬಂದ ಕೊಳೆ ನಮ್ಮ ಹಂಡೆಗೂ ಬರುತ್ತದೆ. ನೆಲಮಟ್ಟದಲ್ಲಿ ಒಂದು ಸಂಪು ಇದ್ದರೆ ನಲ್ಲಿಯ ನೀರು ತಾನಾಗಿ ಬಂದು ಅದರಲ್ಲಿ ಬೀಳಲಿ. ಮೋಟಾರು ಸಂಪಿನಿಂದ ಮೇಲಿನ ಟ್ಯಾಂಕಿಗೆ ಎತ್ತಲಿ. ಯಾರ ಪಾಲೂ ಹೋಗದು.

“ನಾನು ಕೊಡ ಹೊರಬೇಕಾಗಿಲ್ಲ ತಾನೆ?” ಎಂದರು ದೊಡ್ಡಮ್ಮ.

“ಇಲ್ಲ ದೊಡ್ಡಮ್ಮ.”

“ಮತ್ತೆ ಇಷ್ಟು ವರ್ಷ ಯಾಕೋ ಹೇಳಲಿಲ್ಲ ನೀನು?”

ಹಿತ್ತಲಲ್ಲಿ ಹಳೆಯ ತೊಟ್ಟಿಯೊಂದಿತ್ತು. ಅದನ್ನೇ ತಿಕ್ಕಿ ತೊಳೆದು, ಮುಚ್ಚಳ ಹಾಕಿಸಿ ಸಂಪು ಮಾಡಿದೆವು. ಊರಿಗೆ ಹೊರಡುವ ದಿನ ನಸುಕಿನಲ್ಲಿ ನೀರು ಬಂತು. ಭೋರೆಂಬ ಸದ್ದಿಲ್ಲ, ತೊಟ್ಟಿಗೆ ಸಣ್ಣಗೆ ಬೀಳುತ್ತಿತ್ತು. ದೊಡ್ಡಮ್ಮ ಎರಡು ಸಲ ಇಣುಕಿ ನೋಡಿ, “ನಿಧಾನ ಆಯ್ತು ಕಣೋ” ಎಂದು ಗೊಣಗಿದರು. ಬೀದಿಯಲ್ಲಿ ಇನ್ನೂ ಮೂರು ನಾಲ್ಕು ಮನೆಗಳ ಮೋಟಾರು ಓಡುತ್ತಲೇ ಇದ್ದವು.

ಹುಡುಗ ಕೊನೆಯ ಮನೆಯವರೆಗೆ ಹೋಗಿ ಬಂದ.

“ಎರಡು ಕೊಡ ತುಂಬಿತ್ತು ಮಾವ. ಮೂರನೆಯದಕ್ಕೆ ಬೀಳ್ತಾ ಇತ್ತು.”

ಒಳಗಿನಿಂದ ದೊಡ್ಡಮ್ಮನ ದನಿ ಬಂತು: “ಪಕ್ಕದ ಮನೆಯವರಿಗೆ ನಾನೇ ಹೇಳ್ತೀನಿ. ನೀವು ರೈಲಿಗೆ ಹೊತ್ತಾಯ್ತು, ಹೊರಡಿ.”